ಮನೆಗೆ ಬೆಂಕಿ ಬೀಳುವ ಮೊದಲು

ನನ್ನ ಎಡತೋಳಿನ ಮೇಲೆ ಎರಡು ಗುಂಡನೆಯ ಕಲೆಗಳಿವೆ. ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ, ನಾನು ಒಂದನೆಯ ಇಯತ್ತೆಯಲ್ಲಿದ್ದಾಗ ಆದವು ಅವು. ‘ದೇವಿ ಹಾಕಾವ್ರು ಬಂದಾರ’ ಎಂಬ ಸುದ್ದಿ ಹಬ್ಬಿದೊಡನೆ ಅರ್ಧ ಶಾಲೆ ಜೋಳದ ಹೊಲದೊಳಗೆ ಅಡಗಿತು. ಉಳಿದ ಅರ್ಧವನ್ನು ಮಾಸ್ತರರು ಬಾಗಿಲಿಗೆ ಅಡ್ಡ ನಿಂತು ಹಿಡಿದರು. ಆ ಮನುಷ್ಯ ಹಲ್ಲುಗಳಿದ್ದ ಸಣ್ಣದೊಂದು ಸಲಕರಣೆಯನ್ನು ತೋಳಿಗೆ ಒತ್ತಿ ಗಿರ್ರನೆ ತಿರುಗಿಸಿದ್ದು, ಒಂದು ವಾರ ಜ್ವರ ಕಾಯ್ದದ್ದು, ಹಕ್ಕಳೆ ಉದುರಿದ್ದು ಇವೆಲ್ಲ ಇಂದಿಗೂ ನನಗೆ ನೆನಪಿದೆ.

ಕನ್ನಡದ ಅಧ್ಯಾಪಕನಾದ ಮೇಲೆ ನನ್ನನ್ನು ಕಾಡಿದ್ದು ಆ ನೋವಲ್ಲ, ಆ ಮಾತು. ಸಿಡುಬು ಬಂದರೆ ‘ದೇವಿ ಬಂದಳು’ ಎನ್ನುತ್ತಿದ್ದರು. ಸಿಡುಬು ಬಾರದಂತೆ ಲಸಿಕೆ ಹಾಕಿದರೆ ಅದಕ್ಕೂ ‘ದೇವಿ ಹಾಕುವುದು’ ಎಂದೇ ಹೆಸರು. ರೋಗಕ್ಕೂ ಅದರ ಪರಿಹಾರಕ್ಕೂ ಒಂದೇ ಶಬ್ದವನ್ನು ಕೊಟ್ಟ ಜನ ಅಜ್ಞಾನಿಗಳೆಂದು ನಾನು ಭಾವಿಸುವುದಿಲ್ಲ. ಅವರು ಅಂಜಿದವರು. ನನ್ನ ದೊಡ್ಡವ್ವನಿಗೆ ಎಳೆಯ ವಯಸ್ಸಿನಲ್ಲಿ ಸಿಡುಬು ಬಂದು ಒಂದು ಕಣ್ಣು ಹೋಗಿತ್ತು. ಆಗ ಅಜ್ಜಿ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ, ಮೊಸರನ್ನದ ಎಡೆ ಇಟ್ಟು, ‘ತಾಯಿ ಬಂದಾಳ, ತಣ್ಣಗ ಹೋಗಲಿ’ ಎಂದು ಹನ್ನೆರಡು ದಿನ ಕೈಮುಗಿದು ಕುಳಿತಿದ್ದಳಂತೆ. ತಾಯಿ ಹೋದಳು, ಕಣ್ಣನ್ನೂ ಒಯ್ದಳು.

ಆ ತಾಯಿ ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮನುಷ್ಯರನ್ನು ಕಾಡಿದ ರೋಗಗಳಲ್ಲಿ ಮನುಷ್ಯ ಪ್ರಯತ್ನದಿಂದ ಪೂರ್ಣವಾಗಿ ತೊಲಗಿದ್ದು ಇದೊಂದೇ. ಅದು ಹೇಗೆ ತೊಲಗಿತೆಂಬುದು ವೈದ್ಯರು ಮಾತ್ರ ತಿಳಿಯಬೇಕಾದ ವಿಷಯವಲ್ಲ. ಒಬ್ಬರನ್ನೊಬ್ಬರು ನಂಬದ ರಾಷ್ಟ್ರಗಳು ಒಂದು ಕೆಲಸವನ್ನು ಕೂಡಿ ಮಾಡಿ ಮುಗಿಸಬಲ್ಲವೇ ಎಂಬ ಪ್ರಶ್ನೆಗೆ ಇತಿಹಾಸ ಕೊಟ್ಟ ಅಪರೂಪದ ಉತ್ತರ ಅದರಲ್ಲಿದೆ.

‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬುದು ನಮ್ಮ ಗಾದೆ. ಲೋಕದ ರಾಷ್ಟ್ರಗಳ ನಡತೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ. ಕಾಲರಾ ಯುರೋಪನ್ನು ಎರಡು ಸಲ ಹಣ್ಣುಮಾಡಿದ ಮೇಲೆ, 1851ರಲ್ಲಿ, ಹನ್ನೆರಡು ರಾಜ್ಯಗಳು ಪ್ಯಾರಿಸ್ಸಿನಲ್ಲಿ ಮೊದಲ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿಸಿದವು. ಪ್ರತಿ ರಾಜ್ಯದಿಂದ ಒಬ್ಬ ವೈದ್ಯ, ಒಬ್ಬ ರಾಜತಾಂತ್ರಿಕ. ಆರು ತಿಂಗಳು ಚರ್ಚೆ ನಡೆಯಿತು. ರೋಗ ಹೇಗೆ ಹರಡುತ್ತದೆಂಬುದರಲ್ಲಿ ವೈದ್ಯರಿಗೆ ಒಮ್ಮತವಿರಲಿಲ್ಲ. ಹಡಗುಗಳನ್ನು ಎಷ್ಟು ದಿನ ತಡೆಹಿಡಿಯಬೇಕೆಂಬುದರಲ್ಲಿ ವ್ಯಾಪಾರದ ಲೆಕ್ಕವೇ ಮುಂದಾಗಿತ್ತು. ಕೈಗೆ ಹತ್ತುವ ಒಪ್ಪಂದವೊಂದು ಹುಟ್ಟಲು 1892ರ ವೆನಿಸ್ ಸಮ್ಮೇಳನದ ವರೆಗೆ, ಎಂದರೆ ನಾಲ್ವತ್ತೊಂದು ವರ್ಷ, ಕಾಯಬೇಕಾಯಿತು. ಅದೂ ಸೂಯೆಜ್ ಕಾಲುವೆಯ ಮೂಲಕ ಕಾಲರಾ ತಮ್ಮ ಬಾಗಿಲಿಗೆ ಬಂದೀತೆಂಬ ಭಯದಿಂದ.

ಎರಡು ಮಹಾಯುದ್ಧಗಳ ಬಳಿಕ, 1948ರ ಏಪ್ರಿಲ್ 7ರಂದು, ವಿಶ್ವ ಆರೋಗ್ಯ ಸಂಸ್ಥೆ ಜನ್ಮ ತಾಳಿತು. ಹುಟ್ಟಿದ ಮರುವರ್ಷವೇ ಅದಕ್ಕೊಂದು ದೊಡ್ಡ ಪೆಟ್ಟು ಬಿದ್ದಿತು. ಸೋವಿಯತ್ ರಷ್ಯಾ ಮುನಿದು ಹೊರನಡೆಯಿತು. ಅದರ ಬಳಗದ ಹಲವು ದೇಶಗಳೂ ಹಿಂಬಾಲಿಸಿದವು. ಈ ಸಂಸ್ಥೆ ಇನ್ನು ಅರ್ಧ ಲೋಕದ ಸಂಸ್ಥೆ ಎಂದು ಅಂದು ಅನೇಕರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಕೆಲವು ವರ್ಷಗಳ ಮೇಲೆ ರಷ್ಯಾ ಮರಳಿತು, ಬರಿಗೈಯಲ್ಲಿ ಬರಲಿಲ್ಲ. 1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ನಡೆದ ಆರೋಗ್ಯ ಮಹಾಸಭೆಯಲ್ಲಿ ಸೋವಿಯತ್ ಪ್ರತಿನಿಧಿ ವಿಕ್ಟರ್ ಝ್ಡಾನೋವ್ ಎದ್ದುನಿಂತು, ಸಿಡುಬನ್ನು ಜಗತ್ತಿನಿಂದಲೇ ಕಿತ್ತೊಗೆಯೋಣ ಎಂಬ ಸೂಚನೆಯನ್ನು ಮುಂದಿಟ್ಟರು. ಲಸಿಕೆಯ ಜನಕ ಜೆನ್ನರನಿಗೆ 1806ರಲ್ಲಿ ಅಮೆರಿಕದ ಅಧ್ಯಕ್ಷ ಜೆಫರ್‌ಸನ್ ಬರೆದ ಪತ್ರವನ್ನು ಅವರು ಸಭೆಗೆ ನೆನಪಿಸಿದರು. ಮುಂದಿನ ಪೀಳಿಗೆಗಳು ಈ ರೋಗವಿತ್ತೆಂಬುದನ್ನು ಇತಿಹಾಸದಿಂದ ಮಾತ್ರವೇ ತಿಳಿಯುವಂತಾಗುತ್ತದೆ ಎಂಬುದು ಆ ಪತ್ರದ ಭಾವ. ಶೀತಲ ಸಮರ ಉಚ್ಛ್ರಾಯದಲ್ಲಿದ್ದಾಗ, ಅಮೆರಿಕದ ನೆಲದ ಮೇಲೆ ರಷ್ಯನ್ನನೊಬ್ಬ ಅಮೆರಿಕದ ಅಧ್ಯಕ್ಷನ ಮಾತನ್ನೇ ಆಸರೆಗೆ ಕರೆದ! ರಾಜಕಾರಣದಲ್ಲಿ ಇಂಥ ಜಾಣ್ಮೆಗೂ ಒಂದು ಬಗೆಯ ಔದಾರ್ಯ ಬೇಕು.

ಮರುವರ್ಷ ಸಭೆ ಸೂಚನೆಯನ್ನು ಅಂಗೀಕರಿಸಿತು. ಹಣವನ್ನು ಮಾತ್ರ ಕೊಡಲಿಲ್ಲ. ಮಲೇರಿಯಾ ನಿರ್ಮೂಲನದ ಮಹಾಯೋಜನೆ ಅದೇ ಕಾಲದಲ್ಲಿ ಕುಸಿಯತೊಡಗಿತ್ತು. ಸಂಸ್ಥೆಯ ಮಹಾನಿರ್ದೇಶಕ ಕಾಂಡಾವ್ ಅವರಿಗೆ ಇನ್ನೊಂದು ಸೋಲನ್ನು ಹೊರುವ ಧೈರ್ಯವಿರಲಿಲ್ಲ. 1966ರಲ್ಲಿ ಪ್ರತ್ಯೇಕ ಹಣದ ಪ್ರಶ್ನೆ ಮತಕ್ಕೆ ಬಂದಾಗ ಯೋಜನೆ ಗೆದ್ದದ್ದು ಎರಡೇ ಮತಗಳ ಅಂತರದಿಂದ. ಯೋಜನೆಯ ಮುಖ್ಯಸ್ಥರಾದ ಅಮೆರಿಕದ ಡಾ. ಹೆಂಡರ್‌ಸನ್ ಮುಂದೆ ಬರೆದಿರುವಂತೆ, ಸೋತರೆ ನಿಂದೆ ಅಮೆರಿಕದ ತಲೆಗೇ ಬರಲಿ ಎಂದೇ ಅಮೆರಿಕದವನೊಬ್ಬನನ್ನು ಆ ಪೀಠದಲ್ಲಿ ಕೂರಿಸಿದ್ದರಂತೆ. ಮಾನವಕುಲದ ಒಂದು ಮಹತ್ಕಾರ್ಯ ಹೀಗೆ ಎರಡು ಮತಗಳ ಮೇಲೆ, ಒಂದಿಷ್ಟು ಅಪನಂಬಿಕೆಯ ಮೇಲೆ ನಿಂತು ಆರಂಭವಾಯಿತು. 1967ರಲ್ಲಿ ಕೆಲಸ ತೊಡಗಿದಾಗ 31 ದೇಶಗಳಲ್ಲಿ ಸಿಡುಬು ನೆಲೆಯೂರಿತ್ತು. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಜನ ಅದಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು.

ಮುಂದಿನ ಹತ್ತು ವರ್ಷಗಳಲ್ಲಿ ಯಾರು ಏನು ಕೊಟ್ಟರೆಂಬುದನ್ನು ನೋಡಬೇಕು. ಬಿಸಿಲಿಗೆ ಕೆಡದ ಒಣ ಲಸಿಕೆಯ ವಿಧಾನವನ್ನು ರೂಪಿಸಿದ್ದು ಇಂಗ್ಲೆಂಡಿನ ಪ್ರಯೋಗಾಲಯ. ರಷ್ಯಾ ಅಂಥ ಲಸಿಕೆಯ ನೂರು ಕೋಟಿಗೂ ಮೀರಿದ ಪ್ರಮಾಣಗಳನ್ನು ದಾನವಾಗಿ ಕೊಟ್ಟಿತು. ಅದರ ಗುಣವನ್ನು ಪರೀಕ್ಷಿಸಿದ್ದು ಕೆನಡಾ ಮತ್ತು ನೆದರ್ಲೆಂಡ್ಸಿನ ವಿಜ್ಞಾನಿಗಳು. ಅಮೆರಿಕದ ಕಂಪನಿಯೊಂದು ಎರಡು ಮೊನೆಗಳ ಸೂಜಿಯನ್ನು ರೂಪಿಸಿ, ಸಂಸ್ಥೆಯಿಂದ ಗೌರವಧನ ಪಡೆಯದೆ ಬಿಟ್ಟುಕೊಟ್ಟಿತು. ಆ ಸೂಜಿಯಿಂದ ಮೊದಲಿನ ಕಾಲು ಭಾಗ ಲಸಿಕೆ ಸಾಕಾಯಿತು. ಓದುಬರಹವಿಲ್ಲದವರೂ ಕೆಲವೇ ನಿಮಿಷಗಳಲ್ಲಿ ಅದನ್ನು ಬಳಸಲು ಕಲಿತರು. ಭಾರತವೂ ಕೈಯೊಡ್ಡಿ ಕುಳಿತಿರಲಿಲ್ಲ. ಒಣ ಲಸಿಕೆ ತಯಾರಿಸಿದ ನಮ್ಮ ನಾಲ್ಕು ಕೇಂದ್ರಗಳಲ್ಲಿ ಒಂದು ನಮ್ಮ ಬೆಳಗಾವಿಯದು. ಲೆಕ್ಕ ಹಾಕಿದರೆ ಇಡೀ ಯೋಜನೆಗೆ ತಗುಲಿದ ವೆಚ್ಚ ಸುಮಾರು 30 ಕೋಟಿ ಡಾಲರು. ಅದರಲ್ಲಿ ಮೂರರಲ್ಲಿ ಎರಡು ಪಾಲನ್ನು ಹೊತ್ತವು ರೋಗಪೀಡಿತವಾಗಿದ್ದ ಬಡರಾಷ್ಟ್ರಗಳೇ. ಶ್ರೀಮಂತರು ಉದ್ಧರಿಸಿದರು, ಬಡವರು ಉದ್ಧಾರವಾದರು ಎಂದು ಹೇಳುವವರು ಈ ಲೆಕ್ಕವನ್ನು ಓದಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿತದ್ದು ಸಂಸ್ಥೆಯೇ. ಎಲ್ಲರಿಗೂ ಲಸಿಕೆ ಹಾಕಿದರೆ ರೋಗ ಹೋದೀತೆಂಬುದು ಮೊದಲಿನ ಸೂತ್ರ. ಭಾರತ 1962ರಿಂದ ಹಾಗೆಯೇ ಕೋಟಿ ಕೋಟಿ ತೋಳುಗಳಿಗೆ ಲಸಿಕೆ ಹಾಕಿತು. ನನ್ನ ತೋಳೂ ಅವುಗಳಲ್ಲಿ ಒಂದು. ಆದರೂ ಸಿಡುಬು ಹೋಗಲಿಲ್ಲ. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ಲಸಿಕೆಯ ಅಭಾವ ಒದಗಿದಾಗ ವಿಲಿಯಂ ಫೇಗೆ ಎಂಬ ವೈದ್ಯರು ಬೇರೆ ದಾರಿ ಹುಡುಕಿದರು. ರೋಗಿ ಎಲ್ಲಿದ್ದಾನೆಂದು ಮೊದಲು ಪತ್ತೆಹಚ್ಚುವುದು, ಅವನ ಸುತ್ತಲಿನವರಿಗೆ ಮಾತ್ರ ಲಸಿಕೆ ಹಾಕಿ ರೋಗಕ್ಕೆ ಬೇಲಿ ಕಟ್ಟುವುದು. ಜಿನೀವಾದ ಕಡತದಲ್ಲಿ ಮೊದಲು ಇಲ್ಲದ ಈ ಉಪಾಯವನ್ನು ಸಂಸ್ಥೆ ತನ್ನದಾಗಿಸಿಕೊಂಡಿತು.

1974ರಲ್ಲಿ ಈ ಉಪಾಯದ ಅಗ್ನಿಪರೀಕ್ಷೆ ಬಿಹಾರದಲ್ಲಿ ನಡೆಯಿತು. ಆ ವರ್ಷ ಭಾರತದಲ್ಲಿ 1,88,000ಕ್ಕೂ ಹೆಚ್ಚು ಜನರಿಗೆ ಸಿಡುಬು ತಗುಲಿ, 31,000ಕ್ಕೂ ಹೆಚ್ಚು ಜನ ಸತ್ತರು. ಹೊಸ ಉಪಾಯವನ್ನು ಬಿಟ್ಟು ಹಳೆಯ ಸೂತ್ರಕ್ಕೇ ಮರಳಬೇಕೆಂದು ರಾಜ್ಯದ ಮಂತ್ರಿಗಳು ಸಭೆಯಲ್ಲಿ ಹೇಳಿದರು. ಆಗ ಭಾರತೀಯ ವೈದ್ಯರೊಬ್ಬರು ಎದ್ದು, ತಮ್ಮ ಹಳ್ಳಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಉಳಿದ ಮನೆಗಳಿಗೆ ನೀರು ಹೊಯ್ದು ವ್ಯರ್ಥಮಾಡುವುದಿಲ್ಲ, ಉರಿಯುವ ಮನೆಗೇ ಹೊಯ್ಯುತ್ತಾರೆ ಎಂದರಂತೆ. ಫೇಗೆ ಅವರೇ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ಮಂತ್ರಿಗಳು ಇನ್ನೊಂದು ತಿಂಗಳ ಗಡುವು ಕೊಟ್ಟರು. ಅಷ್ಟು ಸಾಕಾಯಿತು. ಲಕ್ಷಕ್ಕೂ ಮೀರಿದ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ದೇಶದ ಮನೆಮನೆಯ ಬಾಗಿಲು ತಟ್ಟಿದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನ ಸಾರಿದರು. 1975ರ ಮೇ ತಿಂಗಳಲ್ಲಿ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡುಬಂದಿತು. ಅದೇ ವರ್ಷ ಬಾಂಗ್ಲಾದೇಶದ ಭೋಲಾ ದ್ವೀಪದಲ್ಲಿ ಮೂರು ವರ್ಷದ ಹೆಣ್ಣುಮಗು, 1977ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವ. ಊರಿಂದೂರಿಗೆ ಸಹಜವಾಗಿ ಹಬ್ಬುತ್ತಿದ್ದ ಸಿಡುಬಿನ ಸರಪಳಿ ಅಲ್ಲಿಗೆ ತುಂಡಾಯಿತು. 1980ರ ಮೇ 8ರಂದು ಮಹಾಸಭೆ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಿತು.

ಈ ಕಥೆಯಲ್ಲಿ ಕಳಂಕವಿಲ್ಲವೆಂದಲ್ಲ. ಕೊನೆಯ ದಿನಗಳ ಆತುರದಲ್ಲಿ ಎಷ್ಟೋ ಹಳ್ಳಿಗಳಲ್ಲಿ ನಡುರಾತ್ರಿ ಬಾಗಿಲು ಮುರಿದು, ಒಲ್ಲೆನೆಂದವರನ್ನು ಹಿಡಿದು ಲಸಿಕೆ ಹಾಕಿದ್ದುಂಟು. ಮಾಸ್ತರರು ಬಾಗಿಲಿಗೆ ಅಡ್ಡ ನಿಂತದ್ದನ್ನು ಕಂಡ ನನಗೆ ಅದು ಪೂರ್ತಿ ಅಪರಿಚಿತವಲ್ಲ. ಜನರ ಒಳಿತಿಗೆಂದು ಜನರ ಮೇಲೆ ನಡೆದ ಬಲಾತ್ಕಾರ, ಮುಂದಿನ ಅವಿಶ್ವಾಸಕ್ಕೆ ಬೀಜವಾಗುತ್ತದೆ. ವಿಜಯದ ಚರಿತ್ರೆಯಲ್ಲಿ ಈ ಪುಟವನ್ನೂ ಉಳಿಸಿಕೊಳ್ಳಬೇಕು.

ಹಾಗಾದರೆ ಕಲಿತ ಪಾಠವನ್ನು ಲೋಕ ನೆನಪಿಟ್ಟುಕೊಂಡಿತೇ? 2020ರಲ್ಲಿ ಕೊರೋನಾ ಬಂದಾಗ ಮತ್ತೆ ಬಾವಿ ತೋಡುವ ಗದ್ದಲ. ಎಲ್ಲ ದೇಶಗಳಿಗೂ ಲಸಿಕೆ ಸಲ್ಲಲೆಂದು ಹುಟ್ಟಿದ ಕೋವ್ಯಾಕ್ಸ್ ವ್ಯವಸ್ಥೆ 2021ರ ಕೊನೆಗೆ 200 ಕೋಟಿ ಲಸಿಕೆ ಹಂಚುವ ಗುರಿಯಿಟ್ಟುಕೊಂಡಿತ್ತು. ನೂರು ಕೋಟಿ ಮುಟ್ಟಿದ್ದೇ 2022ರ ಜನವರಿಯಲ್ಲಿ. ಶ್ರೀಮಂತ ದೇಶಗಳು ಮೊದಲೇ ಮುಂಗಡ ಕೊಟ್ಟು ತಮ್ಮ ಜನರಿಗೆ ಬೇಕಾದುದಕ್ಕಿಂತ ಹೆಚ್ಚನ್ನು ಕಾಯ್ದಿರಿಸಿಕೊಂಡಿದ್ದವು. 2021ರ ಎರಡನೆಯ ಅಲೆಯಲ್ಲಿ ನಮ್ಮಲ್ಲಿಯೇ ಚಿತೆಗಳು ಉರಿಯುತ್ತಿದ್ದಾಗ ನಾವೂ ಲಸಿಕೆಯ ರಫ್ತನ್ನು ತಡೆದೆವು. ನಮ್ಮನ್ನೇ ನೆಚ್ಚಿದ್ದ ಆಫ್ರಿಕದ ದೇಶಗಳು ಕಾದು ನಿಂತವು. ಪೇಟೆಂಟ್ ನಿಯಮ ಸಡಿಲಿಸಿರೆಂದು ಭಾರತ ಮತ್ತು ದಕ್ಷಿಣ ಆಫ್ರಿಕ 2020ರ ಅಕ್ಟೋಬರಿನಲ್ಲಿ ಇಟ್ಟ ಬೇಡಿಕೆಗೆ ಉತ್ತರ ಬಂದದ್ದು 2022ರ ಜೂನಿನಲ್ಲಿ, ಅದೂ ಮೊಟಕಾಗಿ.

ಸಂಸ್ಥೆಯ ದೌರ್ಬಲ್ಯದ ಮೂಲ ಅದರ ಹಣದ ಚೀಲದಲ್ಲಿದೆ. ಸದಸ್ಯ ರಾಷ್ಟ್ರಗಳ ಕಡ್ಡಾಯ ವಂತಿಗೆ ಅದರ ಆಯವ್ಯಯದ ಐದನೆಯ ಒಂದು ಪಾಲಿಗೂ ಕಡಿಮೆಯಾಗಿತ್ತು. ಉಳಿದದ್ದು ದಾನಿಗಳ ಇಚ್ಛೆ. ದಾನಿ ಹೇಳಿದ ಕೆಲಸಕ್ಕೇ ಹಣ. ಈ ವಂತಿಗೆಯನ್ನು ಮೂಲ ಆಯವ್ಯಯದ ಅರ್ಧದಷ್ಟಕ್ಕೆ ಹಂತಹಂತವಾಗಿ ಏರಿಸುವ ನಿರ್ಧಾರವನ್ನು 2022ರ ಮಹಾಸಭೆ ಕೈಗೊಂಡಿತು. 2025ರ ಮೇ ತಿಂಗಳಲ್ಲಿ ಸಾಂಕ್ರಾಮಿಕ ಒಪ್ಪಂದವೂ ಅಂಗೀಕಾರವಾಯಿತು. ರೋಗಾಣುವಿನ ಮಾಹಿತಿ ಕೊಟ್ಟ ದೇಶಕ್ಕೆ ಲಸಿಕೆಯಲ್ಲಿ ಪಾಲೆಷ್ಟು ಎಂಬ ಕಠಿಣ ಪ್ರಶ್ನೆಯನ್ನು ಮಾತ್ರ ಅಂದು ಮುಂದಕ್ಕೆ ಹಾಕಲಾಯಿತು. ಇವು ಬಾವಿ ತೋಡುವ ಕೆಲಸಗಳೇ. ಆದರೆ ಅದೇ 2025ರ ಜನವರಿಯಲ್ಲಿ ಅಮೆರಿಕ ಸಂಸ್ಥೆಯಿಂದ ಹೊರನಡೆಯುವ ತೀರ್ಮಾನವನ್ನು ಸಾರಿತು.

ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ 1949 ನೆನಪಾಯಿತು. ಮುನಿದು ಹೋದ ರಾಷ್ಟ್ರವೊಂದು ಮರಳಿ ಬಂದು ದೊಡ್ಡದೊಂದು ಕೆಲಸಕ್ಕೆ ಮೊದಲ ಮಾತಾಡಿದ ಉದಾಹರಣೆ ನಮ್ಮ ಮುಂದಿದೆ. ಇತಿಹಾಸ ಎರಡನೆಯ ಬಾರಿಯೂ ಹಾಗೆಯೇ ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಅಂದು ರಷ್ಯಾ ಮರಳಿದ್ದು, ಮರಳಲು ಒಂದು ಮನೆ ಉಳಿದಿದ್ದರಿಂದ. ಹೋದವರಿಗಾಗಿ ಬಾಗಿಲು ತೆರೆದಿಟ್ಟು, ಉಳಿದವರು ದೀಪ ಹಚ್ಚಿಟ್ಟಿದ್ದರು. ಸಂಸ್ಥೆಗಳನ್ನು ಸುಧಾರಿಸುವುದೆಂದರೆ, ನನ್ನ ಮಟ್ಟಿಗೆ, ಮೊದಲು ಇಷ್ಟು.

ನನ್ನ ಮೊಮ್ಮಗಳು ಒಮ್ಮೆ ನನ್ನ ತೋಳನ್ನು ಮುಟ್ಟಿ, ‘ಅಜ್ಜಾ, ಇದೇನು?’ ಎಂದು ಕೇಳಿದಳು. ಅವಳ ತೋಳಿನಲ್ಲಿ ಕ್ಷಯದ ಲಸಿಕೆಯ ಸಣ್ಣ ಚುಕ್ಕೆಯಿದೆ. ಈ ಎರಡು ಕಲೆಗಳಿಲ್ಲ. ‘ದೇವಿ ಹಾಕಿದ ಗುರುತು’ ಎಂದೆ. ಅವಳಿಗೆ ಆ ಮಾತು ಅರ್ಥವಾಗಲಿಲ್ಲ. ನನ್ನ ಭಾಷೆಯ ಒಂದು ನುಡಿಗಟ್ಟು ಮೊಮ್ಮಗಳಿಗೆ ತಿಳಿಯದೆ ಹೋದದ್ದಕ್ಕೆ ಕನ್ನಡದ ಅಧ್ಯಾಪಕನಾದ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ದೊಡ್ಡವ್ವ ಇದ್ದಿದ್ದರೆ, ಉಳಿದ ಒಂದು ಕಣ್ಣಿನಿಂದ ಆ ಎಳೆಯ ತೋಳನ್ನು ನೋಡಿ ಏನೆನ್ನುತ್ತಿದ್ದಳೋ.