ಕೋಗಳಿ ಸೀಮೆಯ ಕಾವಲಿನ ಲೆಕ್ಕ

ಕಳವು, ಹಲ್ಲೆ ಎಲ್ಲಿ ಹೆಚ್ಚೆಂದು ನಕ್ಷೆಯಲ್ಲಿ ಚುಕ್ಕಿಯಿಟ್ಟು, ಆ ಚುಕ್ಕಿಗಳನ್ನು ನೋಡಿ ಪೊಲೀಸರನ್ನು ಕಳುಹಿಸುವುದು ಕಂಪ್ಯೂಟರ್ ಕಾಲದ ಜಾಣತನವೆಂದು ನಾವು ಭಾವಿಸಿದ್ದೇವೆ. ಫ್ರಾನ್ಸಿನಲ್ಲಿ ಬಾಲ್ಬಿ ಮತ್ತು ಗೆರಿ 1829ರಲ್ಲೇ ಅಂಥ ನಕ್ಷೆಗಳನ್ನು ಅಚ್ಚು ಹಾಕಿಸಿದ್ದರು. ಊರಿನ ಮಾಹಿತಿಯಿಂದಲೇ ಊರು ಕಾಯುವ ರೂಢಿಯಂತೂ ನಮ್ಮಲ್ಲಿ ಇನ್ನೂ ಹಳೆಯದು.

ಶಾಸನಗಳು 'ಕೋಗಳಿ ಐನೂರು' ಎಂದು ಕರೆದ ನಾಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆ. 1800ರಲ್ಲಿ ನಿಜಾಮರು ಬಳ್ಳಾರಿ ಪ್ರದೇಶವನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇದೂ ಅದರೊಂದಿಗೆ ಹೋಯಿತು. ಮದ್ರಾಸ್ ಸರಕಾರ 1816ರ ಹನ್ನೊಂದನೆಯ ರೆಗ್ಯುಲೇಶನ್ ಮೂಲಕ ಊರಗೌಡ ಮತ್ತು ತಳವಾರರಿಗೇ ಪೊಲೀಸ್ ಹೊಣೆಯನ್ನು ವಹಿಸಿತು. ಚಾವಡಿಯಲ್ಲಿ ಮಲಗಿದ ಅಪರಿಚಿತ ಯಾರು, ಯಾರ ಎತ್ತು ಕಾಣೆಯಾಯಿತು ಎಂಬ ಲೆಕ್ಕವೆಲ್ಲ ತಳವಾರನ ತಲೆಯಲ್ಲಿರುತ್ತಿತ್ತು. ಆದರೆ ಅವನು ಗೌಡನ ಕೈಕೆಳಗಿನವನು. ಗೌಡನ ಮೇಲೆಯೇ ದೂರಿದ್ದರೆ ಬಡವ ಎಲ್ಲಿಗೆ ಹೋಗಬೇಕಿತ್ತು? ಆ ವ್ಯವಸ್ಥೆಯನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

1859ರ ಕಾಯ್ದೆಯೊಂದಿಗೆ ಠಾಣೆಯ ಪೊಲೀಸರು ಬಂದರು. ಬಳಿಕ ಬಂದ ದಾಖಲೆ ಇನ್ನೂ ಕ್ರೂರವಾದುದು. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರ ತಿದ್ದುಪಡಿಯಾದ ರೂಪದಲ್ಲಿ ಮದ್ರಾಸ್ ಪ್ರಾಂತಕ್ಕೂ ಅನ್ವಯವಾಯಿತು. ಇಡೀ ಸಮುದಾಯಗಳ ಹೆಸರು, ಬೆರಳಚ್ಚುಗಳು ರಿಜಿಸ್ಟರಿಗೆ ಸೇರಿದವು. ಊರು ಬಿಡಲು ಪರವಾನಗಿ ಬೇಕಾಯಿತು. ಹೀಗೆ ಹೆಸರಿಸಲ್ಪಟ್ಟವರಲ್ಲಿ ಕೊರವರು, ಅಂದರೆ ನಮ್ಮ ಕಡೆ ಕೊರಚರೆನ್ನಿಸಿಕೊಂಡವರು, ಮುಖ್ಯರು. ಅವರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಅಲೆದ ವ್ಯಾಪಾರಿಗಳು. ಸರಕಾರದ ಉಪ್ಪಿನ ನೀತಿ ಮತ್ತು ರೈಲು ಅವರ ಕಸುಬನ್ನು ಹೇಗೆ ಕಸಿದವೆಂಬುದನ್ನು ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ವಿವರಿಸಿದ್ದಾರೆ. 1876-78ರ ಬರ ಬಳ್ಳಾರಿಯನ್ನು ಹಿಂಡಿದ್ದೂ ಇದೇ ಕಾಲದಲ್ಲಿ. ರಿಜಿಸ್ಟರಿನಲ್ಲಿ ಈ ಕಾರಣಗಳಿಗೆ ಒಂದು ಕಾಲಮ್ಮೂ ಇರಲಿಲ್ಲ.

ಮದ್ರಾಸ್ 1947ರಲ್ಲಿ, ದೇಶ 1952ರ ಆಗಸ್ಟ್ 31ರಂದು ಈ ಕಾಯ್ದೆಯನ್ನು ಕೈಬಿಟ್ಟವು. ಗುಮಾನಿಯ ಅಭ್ಯಾಸ ಮಾತ್ರ ಹೋಗಲಿಲ್ಲ. 2019ರ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್-ಲೋಕನೀತಿ ಸಮೀಕ್ಷೆಯಲ್ಲಿ ಪೊಲೀಸ್ ಸಿಬ್ಬಂದಿಯಲ್ಲಿ ಸುಮಾರು ಅರ್ಧದಷ್ಟು ಮಂದಿ, ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುವವರೆಂದು ಹೆಚ್ಚೋ ಕಡಿಮೆಯೋ ನಂಬಿದ್ದರು. ಈ ನಂಬಿಕೆಯ ಕೈಗೆ ನಕ್ಷೆ ಸಿಕ್ಕರೆ ಮೊದಲ ಚುಕ್ಕಿ ಯಾವ ಮೊಹಲ್ಲಾದಲ್ಲಿ ಬೀಳುತ್ತದೆಂದು ಊಹಿಸುವುದು ಕಷ್ಟವಲ್ಲ. ಚುಕ್ಕಿ ಬಿದ್ದಲ್ಲಿ ಗಸ್ತು ಹೆಚ್ಚುತ್ತದೆ, ಗಸ್ತು ಹೆಚ್ಚಿದಲ್ಲಿ ಕೇಸುಗಳು ಹೆಚ್ಚುತ್ತವೆ, ಚುಕ್ಕಿ ಮತ್ತಷ್ಟು ದಪ್ಪವಾಗುತ್ತದೆ.

ಹಾಗೆಂದು ನಕ್ಷೆಯೇ ಬೇಡವೆಂದು ನಾವು ಹೇಳುವುದಿಲ್ಲ. 2017ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಹೊಸ ಬೀಟ್ ವ್ಯವಸ್ಥೆಯಲ್ಲಿ ಕಾನ್‌ಸ್ಟೇಬಲ್‌ಗೆ ತನ್ನದೇ ಆದ ಪ್ರದೇಶ, ಅಲ್ಲಿನ ನಾಗರಿಕರ ಒಡನಾಟ ದೊರೆಯಿತು. ಕೊಟ್ಟೂರಿನ ಗುರುಬಸವೇಶ್ವರ ರಥೋತ್ಸವ, ಮೈಲಾರದ ಕಾರಣಿಕದ ಜನಸಂದಣಿಯಲ್ಲಿ ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಜೇಬುಗಳ್ಳತನವಾಗುತ್ತದೆ. ಕೂಡ್ಲಿಗಿ ಮೂಲಕ ಹಾಯುವ ಹೆದ್ದಾರಿಯಲ್ಲಿ ಯಾವ ತಿರುವಿನಲ್ಲಿ ದೀಪವಿಲ್ಲ: ಇಂಥ ಲೆಕ್ಕ ಎಲ್ಲರಿಗೂ ಬೇಕು. ಅದರಲ್ಲಿ ಜಾಗ ಮತ್ತು ಹೊತ್ತು ಇರಲಿ, ಜಾತಿ ಮತ್ತು ಕೇರಿ ಬೇಡ. ವರ್ಷಕ್ಕೊಮ್ಮೆಯಾದರೂ ಆ ನಕ್ಷೆಯನ್ನು ಗ್ರಾಮಸಭೆಯಲ್ಲಿ ಬಿಡಿಸಿಟ್ಟು, ತಪ್ಪಿದ್ದ ಚುಕ್ಕಿಯನ್ನು ಅಳಿಸಿರೆಂದು ಕೇಳುವ ಹಕ್ಕು ಅಲ್ಲಿ ಕುಳಿತವರಿಗೆ ಇರಬೇಕು.