ಶಿವನಸಮುದ್ರದ ಒಂದು ಲೆಕ್ಕ: ವೋಲ್ಟೇಜು, ಪ್ರವಾಹ ಮತ್ತು ಪಶ್ಚಿಮ ಬೆಂಗಳೂರಿನ ವಿದ್ಯುತ್ ಕೈಗಾರಿಕೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುಚ್ಛಕ್ತಿಯು ಬಳಕೆಗೆ ಬಂದ ಚರಿತ್ರೆಯನ್ನು ಹೇಳುವಾಗ ದಿವಾನರ ದೂರದೃಷ್ಟಿಯನ್ನೂ ಕಾವೇರಿಯ ಜಲಪಾತದ ವೈಭವವನ್ನೂ ಕೊಂಡಾಡುವುದು ವಾಡಿಕೆ. ಅದು ಸಲ್ಲತಕ್ಕ ಗೌರವವೇ ಸರಿ. ಆದರೆ ಆ ಯೋಜನೆಯ ಸಾಧ್ಯಾಸಾಧ್ಯತೆಗಳು ಕಾಲೇಜಿನ ಮೊದಲ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ ಒಂದು ಲೆಕ್ಕವನ್ನು ಅವಲಂಬಿಸಿದ್ದವು. ಆ ಲೆಕ್ಕವನ್ನೇ ಚರಿತ್ರೆಯ ಒಂದು ಆಧಾರವೆಂದು ಎಣಿಸಿ ಓದಿದರೆ ಏನು ತಿಳಿದುಬರುವುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೂಲಸೂತ್ರಗಳು ಎರಡು. ಜರ್ಮನಿಯ ಓಮ್ ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ, ವಾಹಕವೊಂದರ ಎರಡು ತುದಿಗಳ ನಡುವಣ ವೋಲ್ಟೇಜನ್ನು ಅದರಲ್ಲಿ ಹರಿಯುವ ಪ್ರವಾಹದಿಂದ ಭಾಗಿಸಿದರೆ ಅದರ ರೋಧವು ದೊರೆಯುತ್ತದೆ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯವು ವಾಟುಗಳಲ್ಲಿ ಬರುತ್ತದೆ. ಇವೆರಡನ್ನೂ ಕೂಡಿಸಿ ನೋಡಿದಾಗ, ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಸಾಮರ್ಥ್ಯವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂದಾಗುತ್ತದೆ. ಇಂಗ್ಲೆಂಡಿನ ಜೂಲ್ ೧೮೪೧ರಲ್ಲಿ ಪ್ರಯೋಗಪೂರ್ವಕವಾಗಿ ತೋರಿಸಿದ ಸಂಗತಿ ಇದೇ. ಪ್ರವಾಹವು ಇಮ್ಮಡಿಯಾದರೆ ನಷ್ಟವು ನಾಲ್ಮಡಿಯಾಗುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಶಿವನಸಮುದ್ರಕ್ಕೆ ಬರೋಣ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಡೆಪ್ಯುಟಿ ಚೀಫ್ ಎಂಜಿನಿಯರರಾಗಿದ್ದ ಜೋಲಿ ಡಿ ಲೋತ್ಬಿನಿಯೇರ್ ಅವರು ರೂಪಿಸಿದ ಯೋಜನೆಯು ೧೯೦೨ನೆಯ ಜೂನ್ ೩೦ರಂದು ಕಾರ್ಯರೂಪಕ್ಕೆ ಬಂದಿತು. ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ೯೨ ಮೈಲಿ ದೂರ. ಗಣಿಗಳಿಗೆ ಒದಗಿಸಬೇಕಾಗಿದ್ದುದು ೪,೦೦೦ ಅಶ್ವಶಕ್ತಿ, ಅಂದರೆ ಸುಮಾರು ೩,೦೦೦ ಕಿಲೋವಾಟು. ಮೊದಲಿಗೆ ಆರಿಸಿಕೊಂಡ ವೋಲ್ಟೇಜು ೩೦,೦೦೦. ಮುಂದೆ ಅದನ್ನು ೩೫,೦೦೦ಕ್ಕೆ ಏರಿಸಿದರು. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು.

ಇಷ್ಟು ಎತ್ತರದ ವೋಲ್ಟೇಜು ಏತಕ್ಕೆ? ಮೂರು ತಂತಿಗಳ ಪರ್ಯಾಯ ಪ್ರವಾಹದ ಪದ್ಧತಿಯಲ್ಲಿ ೩೦,೦೦೦ ವೋಲ್ಟಿನ ಒತ್ತಡದಿಂದ ೩,೦೦೦ ಕಿಲೋವಾಟನ್ನು ಸಾಗಿಸಲು ಪ್ರತಿ ತಂತಿಯಲ್ಲೂ ಸುಮಾರು ೫೮ ಆಂಪೇರು ಹರಿಯಬೇಕು. ಒಂದೊಂದು ತಂತಿಯ ರೋಧವು ೩೦ ಓಮು ಎಂದು ಉದಾಹರಣೆಗಾಗಿ ಭಾವಿಸೋಣ. ೫೮ರ ವರ್ಗವನ್ನು ೩೦ರಿಂದಲೂ, ಬಂದುದನ್ನು ತಂತಿಗಳ ಸಂಖ್ಯೆಯಾದ ೩ರಿಂದಲೂ ಗುಣಿಸಿದರೆ ನಷ್ಟವು ಸುಮಾರು ೩೦೦ ಕಿಲೋವಾಟು, ಅಂದರೆ ಹತ್ತರಲ್ಲೊಂದು ಪಾಲು. ಇದು ಸಹಿಸತಕ್ಕ ನಷ್ಟ. ಅದೇ ತಂತಿಗಳಲ್ಲಿ ೩,೦೦೦ ವೋಲ್ಟಿನಿಂದ ಕಳುಹಿಸಲು ಹೊರಟರೆ ಪ್ರವಾಹವು ಹತ್ತುಮಡಿ, ನಷ್ಟವು ನೂರುಮಡಿ. ಲೆಕ್ಕದಂತೆ ೩೦,೦೦೦ ಕಿಲೋವಾಟು! ಕಳುಹಿಸಬೇಕೆಂದಿರುವ ಸಾಮರ್ಥ್ಯಕ್ಕಿಂತ ಹತ್ತುಪಟ್ಟು ಹೆಚ್ಚಿನ ನಷ್ಟವೆಂದರೆ ಕಾರ್ಯವೇ ಅಸಾಧ್ಯವೆಂದರ್ಥ. ವೋಲ್ಟೇಜನ್ನು ಏರಿಸದೆ ನಷ್ಟವನ್ನು ಮೊದಲಿನ ಮಟ್ಟಕ್ಕೆ ತರಬೇಕಾದರೆ ನೂರುಪಟ್ಟು ತಾಮ್ರವನ್ನು ಕೊಳ್ಳಬೇಕಾಗುತ್ತಿತ್ತು. ಯಾವ ಬೊಕ್ಕಸವೂ ಅದಕ್ಕೆ ಸಾಲದು.

ಇಲ್ಲಿ ಇನ್ನೊಂದು ವಿಷಯ ವಿಚಾರಾರ್ಹವಾಗಿದೆ. ಗಣಿಗಳಿಗೆ ೧೯೦೨ರಲ್ಲಿ ದೊರೆತ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿದ್ದು ೧೯೦೫ನೆಯ ಆಗಸ್ಟ್ ೫ರಂದು. ಪ್ರಜೆಗಳ ದೀಪಕ್ಕಿಂತ ಕಂಪನಿಗಳ ಯಂತ್ರವೇಕೆ ಮುಂದಾಯಿತು? ಗಣಿಗಳು ಒಂದೇ ಸ್ಥಳದಲ್ಲಿ, ಹಗಲೂ ಇರುಳೂ, ಒಪ್ಪಂದದ ಮೇಲೆ ಸಾವಿರಾರು ಅಶ್ವಶಕ್ತಿಯನ್ನು ಕೊಳ್ಳುವ ಗಿರಾಕಿಗಳು. ಊರಿನ ಬೇಡಿಕೆಯಾದರೋ ಬೀದಿಬೀದಿಗೆ ಚದುರಿದ್ದು. ಮನೆಯ ಅರವತ್ತು ವಾಟಿನ ದೀಪವು ಇಂದಿನ ೨೩೦ ವೋಲ್ಟಿನಲ್ಲಿ ಎಳೆಯುವುದು ಕೇವಲ ಕಾಲು ಆಂಪೇರಿನಷ್ಟು. ಅಂತಹ ಸಣ್ಣ ಬೇಡಿಕೆಗಳಿಗಾಗಿ ಎತ್ತರದ ವೋಲ್ಟೇಜನ್ನು ಅಲ್ಲಲ್ಲಿ ಇಳಿಸುವ ಪರಿವರ್ತಕಗಳೂ, ಬಳಸಿದ್ದನ್ನು ಅಳೆಯುವ ಮೀಟರುಗಳೂ ಬೇಕು. ಊರಿಗೆಲ್ಲ ಬೆಳಕು ಹರಡಬೇಕಾದರೆ ಇವು ಹೇರಳವಾಗಿ ಒದಗಬೇಕಾಗಿದ್ದಿತು.

ಬೆಂಗಳೂರಿನ ಪಶ್ಚಿಮ ಭಾಗವು ಈ ಚರಿತ್ರೆಯೊಳಗೆ ಪ್ರವೇಶಿಸುವುದು ಈ ಘಟ್ಟದಲ್ಲಿ. ಕೆಂಗೇರಿಯ ಕಡೆಗೆ ಸಾಗುವ ಮೈಸೂರು ರಸ್ತೆಯಲ್ಲಿರುವ, ೧೯೩೩ರಲ್ಲಿ ಸ್ಥಾಪಿತವಾದ ಸರ್ಕಾರಿ ವಿದ್ಯುತ್ ಕಾರ್ಖಾನೆಯು ಪರಿವರ್ತಕಗಳ ತಯಾರಿಕೆಗೆ ಹೆಸರಾಯಿತು. ಅದೇ ಮುಂದೆ ‘ಕವಿಕ’ ಎನಿಸಿತು. ಅದೇ ರಸ್ತೆಯ ರೆಮ್ಕೊ ಕಾರ್ಖಾನೆಯು ವಿದ್ಯುತ್ ಮೀಟರುಗಳನ್ನು ತಯಾರಿಸುತ್ತಿದ್ದಿತು. ೧೯೪೬ರಲ್ಲಿ ಆರಂಭವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯು ರಾಜಾಜಿನಗರದ ಕೈಗಾರಿಕಾ ಉಪನಗರದಲ್ಲಿ ಮೋಟಾರುಗಳನ್ನೂ ಪರಿವರ್ತಕಗಳನ್ನೂ ನಿರ್ಮಿಸಿತು. ಪರಿವರ್ತಕವು ಸಾಮರ್ಥ್ಯವನ್ನು ಸೃಷ್ಟಿಸುವುದಿಲ್ಲ. ವೋಲ್ಟೇಜನ್ನು ಏರಿಸಿದಷ್ಟೂ ಪ್ರವಾಹವನ್ನು ತಗ್ಗಿಸುತ್ತದೆ, ಇಳಿಸಿದಷ್ಟೂ ಹೆಚ್ಚಿಸುತ್ತದೆ. ಮೀಟರಾದರೋ ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧವನ್ನು ಕಾಲದೊಡನೆ ಕೂಡಿಸುತ್ತ ಹೋಗುವ ಯಂತ್ರ. ಶಿವನಸಮುದ್ರದಲ್ಲಿ ಎಂಜಿನಿಯರರು ಕಾಗದದ ಮೇಲೆ ಮಾಡಿದ ಲೆಕ್ಕವು ಇಲ್ಲಿ ಕಾರ್ಮಿಕರ ಕೈಯಲ್ಲಿ ವಸ್ತುರೂಪವನ್ನು ತಾಳಿತೆನ್ನಬಹುದು.

ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆಯ ಮಾತುಗಳು. ಉರಿಯುತ್ತಿರುವ ಆ ಅರವತ್ತು ವಾಟಿನ ತಂತುದೀಪದ ರೋಧವು ಲೆಕ್ಕದಂತೆ ಸುಮಾರು ೮೮೦ ಓಮು. ಆರಿ ತಣ್ಣಗಾದಾಗ ಅಳೆದರೆ ಅದರ ಒಂದು ಸಣ್ಣ ಅಂಶ ಮಾತ್ರ ಕಂಡುಬರುವುದು. ಶಾಖದಿಂದ ಲೋಹದ ರೋಧವು ಏರುವುದೇ ಇದಕ್ಕೆ ಕಾರಣ. ಮೋಟಾರುಗಳ ವಿಷಯದಲ್ಲಿ ವೋಲ್ಟೇಜು ಮತ್ತು ಪ್ರವಾಹಗಳು ಏಕಕಾಲದಲ್ಲಿ ಏರಿಳಿಯದೆ ಇರುವುದರಿಂದ ಅವುಗಳ ಗುಣಲಬ್ಧಕ್ಕಿಂತ ನಿಜವಾದ ಸಾಮರ್ಥ್ಯವು ಕಡಿಮೆ. ಆದುದರಿಂದ ಮೇಲಿನ ೫೮ ಆಂಪೇರನ್ನು ಕನಿಷ್ಠ ಪ್ರಮಾಣವೆಂದೇ ತಿಳಿಯತಕ್ಕದ್ದು.

ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಯಾರಿಗಾಗಿ ಮೊದಲ ತಂತಿಯನ್ನು ಎಳೆದರೋ ಆ ಗಿರಾಕಿಯು ಮರೆಯಾಗಿ, ಮೂರು ವರ್ಷ ಕಾದ ಊರು ಉಳಿದು ಬೆಳೆಯಿತು. ರಾಜಶಾಸನಗಳನ್ನೂ ಕಡತಗಳನ್ನೂ ಓದುವ ಶ್ರದ್ಧೆಯಿಂದಲೇ ಹಳೆಯ ವೋಲ್ಟು, ಆಂಪೇರುಗಳ ಅಂಕಿಗಳನ್ನೂ ನಮ್ಮ ವಿದ್ಯಾರ್ಥಿಗಳು ಓದಲೆಂದು ಹಾರೈಸುತ್ತೇವೆ. ಯಾವುದು ಸಾಧ್ಯವಿತ್ತೆಂಬುದನ್ನು ಅವು ಹೇಳುತ್ತವೆ. ಸಾಧ್ಯವಾದುದು ಮೊದಲು ಯಾರ ಪಾಲಿಗೆ ಬಂದಿತೆಂದು ಕೇಳುವುದು ಚರಿತ್ರಕಾರನ ಕರ್ತವ್ಯ.