ಹೇನು, ಕೂರೆ ಮತ್ತು ಎರಡನೆಯ ಸೀರೆ

ನಮ್ಮ ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಹೇನಿಗೂ ಎರಡು ಭಾಷೆ. ಮನೆಯಲ್ಲಿ ಅವ್ವ "ಬಾ ಇಲ್ಲಿ, ಹೇನ ನೋಡ್ತೀನಿ" ಅಂತಿದ್ದಳು. ಸಂತೆಯಲ್ಲಿ ಸೀರಣಿಗೆ ಬೇಕಾದರೆ 'ಫಣಿ' ಅಂತ ಕೇಳಬೇಕು. ಮರಾಠಿಯಲ್ಲಿ ಹೇನು 'ಊ', ಸೀರು 'ಲೀಖ', ದನದ ಉಣ್ಣಿ 'ಗೋಚಿಡ'. ಕನ್ನಡದಲ್ಲಿ ಇನ್ನೂ ಒಂದು ಹೆಸರಿದೆ: ಕೂರೆ. ಅದು ಅರಿವೆಯಲ್ಲಿರುವ ಹೇನು. ತಲೆಯದು ಬೇರೆ, ಅರಿವೆಯದು ಬೇರೆ ಎಂದು ಹಿರಿಯರು ಹೆಸರಿನಲ್ಲೇ ಹೇಳಿಟ್ಟಿದ್ದಾರೆ.

ತಲೆಹೇನು ಕೂದಲಲ್ಲೇ ಹುಟ್ಟಿ ಅಲ್ಲೇ ಬದುಕುತ್ತದೆ. ಅದಕ್ಕೆ ಎಣ್ಣೆ, ಸೀರಣಿಗೆ, ತಾಳ್ಮೆ ಸಾಕು. ಸೀರು ಒಡೆಯಲು ಏಳೆಂಟು ದಿನ ಬೇಕು. ಒಮ್ಮೆ ಹಿಕ್ಕಿ ಬಿಟ್ಟರೆ ಆಗದು, ಮತ್ತೆ ಮತ್ತೆ ಹಿಕ್ಕಬೇಕು.

ಕೂರೆ ಮೈಯ ರಕ್ತ ಕುಡಿದು ಬಟ್ಟೆಯ ಹೊಲಿಗೆಯಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕೆ ಮದ್ದು ಬಿಸಿ. ಸೌಳು ಹಾಕಿ, ಭಟ್ಟಿಯ ಹಬೆಯಲ್ಲಿ ಬೇಯಿಸಿ, ಬಿಸಿಲಿಗೆ ಒಣಗಿಸುತ್ತಿದ್ದ ಅಗಸರೇ ಊರಿನ ವೈದ್ಯರು. ಉಮರ್ಗಾದಿಂದ ದೂರವಿಲ್ಲದ ಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆ ಮಡಿ ಮಾಡುತ್ತಿದ್ದರು. ಮಡಿ ಎಂದರೆ ಬರೀ ಶಾಸ್ತ್ರವಲ್ಲ, ಆರೋಗ್ಯವೂ ಹೌದು.

ಇದನ್ನು ವಿಜ್ಞಾನ ತೋರಿಸಿದ್ದು 1909ರಲ್ಲಿ. ಟ್ಯೂನಿಸ್ ನಗರದಲ್ಲಿದ್ದ ಫ್ರೆಂಚ್ ವೈದ್ಯ ಶಾರ್ಲ್ ನಿಕೋಲ್ ಒಂದು ಸಂಗತಿ ಗಮನಿಸಿದರು. ಟೈಫಸ್ ರೋಗಿಗಳು ಹೊರಗೆ ಇರುವತನಕ ಬೇರೆಯವರಿಗೆ ಜ್ವರ ಅಂಟುತ್ತಿತ್ತು; ಆಸ್ಪತ್ರೆಯ ಬಾಗಿಲಲ್ಲಿ ಬಟ್ಟೆ ಕಳೆದು ಮೈ ತೊಳೆಸಿದ ಮೇಲೆ ಅಂಟುತ್ತಿರಲಿಲ್ಲ. ಜ್ವರ ಹೊತ್ತು ತರುತ್ತಿದ್ದುದು ಕೂರೆ. ಅವರಿಗೆ 1928ರ ನೊಬೆಲ್ ಬಂತು.

ನನಗಿದು ತಿಳಿದದ್ದು 1972ರ ದುಷ್ಕಾಳದಲ್ಲಿ. ಕುಡಿಯಲಿಕ್ಕೇ ನೀರಿಲ್ಲ, ಅರಿವೆ ಒಗೆಯುವವರು ಯಾರು? ಖಡಿ ಒಡೆಯಲು ಹೋದವರಿಗೆ ಕೂರೆ ಆದವು. ಯಾರೋ ನಕ್ಕರು. ಅವ್ವ ಗದರಿದಳು: "ಉಟ್ಟ ಸೀರಿ ಬಿಟ್ರ ಇನ್ನೊಂದಿಲ್ಲ ಆಕಿಗಿ. ಒಗಿಲಿಕ್ಕಿ ಹಾಕಿ ಏನ್ ಉಡ್ಬೇಕು?" ಕೂರೆ ಹೊಲಸಿನ ಗುರುತಲ್ಲ, ಬಡತನದ ಗುರುತು.

ನಡುವೆ ಬಿಳಿ ಪುಡಿಯ ಕಾಲವೂ ಬಂತು. ಡಿಡಿಟಿ ಕೀಟ ಕೊಲ್ಲುತ್ತದೆಂದು 1939ರಲ್ಲಿ ಪಾಲ್ ಮ್ಯೂಲರ್ ಕಂಡುಕೊಂಡರು. 1943-44ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಜನರ ಅಂಗಿಯೊಳಗೆ ಅದನ್ನು ಊದಿ ಟೈಫಸ್ ತಡೆದರು. ನಮ್ಮ ದೇಶದಲ್ಲಿ 1953ರಿಂದ ಮಲೇರಿಯಾ ಸಲುವಾಗಿ ಗೋಡೆಗೆ ಹೊಡೆದರು. ಬರಬರುತ್ತಾ ಹೇನುಗಳೇ ಅದನ್ನು ತಾಳಿಕೊಳ್ಳಲು ಕಲಿತವು. ಈಗಲೂ ದೇವಣಿ ಎತ್ತಿನ ಉಣ್ಣಿಗೆ ತಂದ ಔಷಧವನ್ನು ಮಕ್ಕಳ ತಲೆಗೆ ಹಚ್ಚುವವರಿದ್ದಾರೆ. ಅದು ವಿಷ, ಹಚ್ಚಬೇಡಿ.

ಗುರುಗಳಲ್ಲಿ ಒಂದು ಮಾತು. ತಲೆಹೇನು ಜಾತಿ ನೋಡುವುದಿಲ್ಲ, ಸ್ವಚ್ಛ ತಲೆ ಬಿಡುವುದಿಲ್ಲ. ತಲೆಗೆ ತಲೆ ತಾಗಿದರೆ ಸಾಕು, ದಾಟುತ್ತದೆ. ನನ್ನ ಜೊತೆ ಓದುತ್ತಿದ್ದ ಹುಡುಗಿಯೊಬ್ಬಳನ್ನು ಹೇನಿನ ಸಲುವಾಗಿ ಎಲ್ಲರೆದುರು ನಿಲ್ಲಿಸಿ, ತಲೆ ಬೋಳಿಸಿಕೊಂಡು ಬಾ ಎಂದು ಕಳಿಸಿದರು. ಆರು ತಿಂಗಳಲ್ಲಿ ಕೂದಲು ಬಂತು. ಆಕೆ ಮಾತ್ರ ಸಾಲಿಗೆ ಮತ್ತೆ ಬರಲಿಲ್ಲ.